ಜಿಎಸ್‌ಟಿ ಹೋದ ಮೇಲೂ ಅಪ್ಪನ ಪ್ರೀಮಿಯಂ

ಅಪ್ಪ-ಅಮ್ಮನ ಹೆಲ್ತ್ ಇನ್ಶೂರೆನ್ಸ್ ರಿನ್ಯೂವಲ್ ನೋಟಿಸ್ ನವೆಂಬರ್ ಮೊದಲ ವಾರ ಬಂತು. ಈ ಸಲ ಅದಕ್ಕೆ ಕಾಯುತ್ತಿದ್ದೆ. 2025ರ ಸೆಪ್ಟೆಂಬರ್ 22ರಿಂದ ನಾವೇ ಮಾಡಿಸುವ ಪಾಲಿಸಿಗಳ ಮೇಲಿನ 18% ಜಿಎಸ್‌ಟಿ ಪೂರ್ತಿ ತೆಗೆದಿದ್ದಾರಲ್ಲ, ನಮ್ಮ ಮನೆಗೆ ಎಷ್ಟು ಉಳಿಯುತ್ತದೆ ಅಂತ ನೋಡಬೇಕಿತ್ತು. ಹೋದ ವರ್ಷ ಪ್ರೀಮಿಯಂ 41,000, ಅದರ ಮೇಲೆ ತೆರಿಗೆ 7,380, ಒಟ್ಟು 48,380 ರೂಪಾಯಿ ಕಟ್ಟಿದ್ದೆ. ಈ ವರ್ಷ ತೆರಿಗೆ ಸೊನ್ನೆ. ಪ್ರೀಮಿಯಂ 45,100.

ಸರಿಯಾಗಿ 10% ಏರಿಸಿದ್ದಾರೆ. ಆ ಹತ್ತಕ್ಕೆ ಕಾರಣ ಇದೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸುವುದಾದರೆ ಮೊದಲು ತನ್ನನ್ನು ಕೇಳಬೇಕು ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2025ರ ಜನವರಿಯಲ್ಲಿ ಹೇಳಿತ್ತು. ಯಾರನ್ನೂ ಕೇಳದೆ ಎಷ್ಟು ಏರಿಸಬಹುದೋ ಅಷ್ಟನ್ನೂ ನಮ್ಮ ಕಂಪನಿ ಏರಿಸಿದೆ. ಮುಂದಿನ ವರ್ಷವೂ ಹೀಗೇ ಮಾಡಿದರೆ 49,610 ಆಗುತ್ತದೆ. ಅಂದರೆ ತೆರಿಗೆ ಇದ್ದಾಗ ಕಟ್ಟಿದ್ದಕ್ಕಿಂತ ಜಾಸ್ತಿ! ಅಷ್ಟು ದೊಡ್ಡ ಸುಧಾರಣೆಯ ಲಾಭ ನಮ್ಮ ಮನೆಯಲ್ಲಿ ಎರಡು ವರ್ಷವೂ ಬಾಳುವುದಿಲ್ಲ.

ತೆರಿಗೆ ತೆಗೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಹೋಗಲೇಬೇಕಿತ್ತು. ಕಾಯಿಲೆ ಬಂದಾಗ ಕೈ ಚಾಚಬಾರದು ಅಂತ ಮೊದಲೇ ದುಡ್ಡು ಕಟ್ಟುವವರ ಹತ್ತಿರ 18% ವಸೂಲಿ ಮಾಡುವುದು ಯಾವ ನ್ಯಾಯ? 2024ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದು ಇದನ್ನು ತೆಗೆಯಿರಿ ಅಂದಿದ್ದರು. ಮುಂದಿನ ತಿಂಗಳೇ ವಿರೋಧ ಪಕ್ಷಗಳ ಸಂಸದರು ಸಂಸತ್ತಿನ ಮುಂದೆ ಪ್ರತಿಭಟನೆ ಮಾಡಿದರು. ಆಮೇಲೆ ಮಂತ್ರಿಗಳ ಸಮಿತಿ ಆಯಿತು, ಡಿಸೆಂಬರ್‌ನಲ್ಲಿ ಮುಂದಕ್ಕೆ ಹಾಕಿದರು, ಕೊನೆಗೆ 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ಒಪ್ಪಿತು. ಅಷ್ಟು ದಿನದ ಚರ್ಚೆಯಲ್ಲಿ ತೆರಿಗೆಯ ಮಾತೇ ತುಂಬಿತ್ತು. ಅದರ ಕೆಳಗಿರುವ ಪ್ರೀಮಿಯಂ ಯಾಕೆ ಇಷ್ಟು ಏರುತ್ತದೆ ಅನ್ನುವುದು ಪಕ್ಕಕ್ಕೆ ಸರಿಯಿತು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಆಫೀಸಿನವರು ಮಾಡಿಸುವ ಗ್ರೂಪ್ ಪಾಲಿಸಿಗೆ ಈ ವಿನಾಯಿತಿ ಇಲ್ಲ, ಅಲ್ಲಿ 18% ಹಾಗೇ ಇದೆ. ನನ್ನ ತಮ್ಮ ಕಂಪನಿಯ ಪಾಲಿಸಿಗೆ ಅತ್ತೆ-ಮಾವನನ್ನು ಸೇರಿಸಿದ್ದಾನೆ, ಸಂಬಳದಲ್ಲಿ ತೆರಿಗೆ ಸಮೇತ ಕಟ್ ಆಗುತ್ತಿದೆ.

ಪ್ರೀಮಿಯಂ ಏರುವುದಕ್ಕೆ ದೊಡ್ಡ ಕಾರಣ ಆಸ್ಪತ್ರೆಯ ಬಿಲ್. ಅದು ನನಗೆ ಅರ್ಥವಾಗಿದ್ದು 2023ರಲ್ಲಿ, ಅಮ್ಮನ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆದಾಗ. ಪಾಲಿಸಿ 3 ಲಕ್ಷದ್ದು. ಅದರಲ್ಲಿ ರೂಮಿಗೆ ದಿನಕ್ಕೆ ಪಾಲಿಸಿ ಮೊತ್ತದ 1%, ಅಂದರೆ 3,000 ರೂಪಾಯಿ ಮಿತಿ ಇತ್ತು. ಆ ದಿನ ಖಾಲಿ ಇದ್ದದ್ದು 6,000 ರೂಪಾಯಿಯ ರೂಮ್ ಮಾತ್ರ. ದಿನಕ್ಕೆ 3,000 ನಾವು ಹಾಕಿಕೊಂಡರೆ ಆಯಿತು ಅಂದುಕೊಂಡೆವು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಲೆಕ್ಕ ಹಾಗಿಲ್ಲ. ರೂಮಿನ ಬಾಡಿಗೆ ಮಿತಿಯ ಎರಡರಷ್ಟು ಇದ್ದರೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ವಿಮಾ ಕಂಪನಿ ಅರ್ಧ ಕತ್ತರಿಸುತ್ತದೆ. ರೂಮ್ ದುಬಾರಿಯಾದರೆ ಆಸ್ಪತ್ರೆ ಆ ರೇಟುಗಳನ್ನೂ ಏರಿಸುತ್ತದಲ್ಲ, ಅದಕ್ಕೆ. ಬಿಲ್ 1,80,000 ಆಗಿತ್ತು. ಔಷಧಿ, ಟೆಸ್ಟುಗಳ 60,000 ಬಿಟ್ಟು ಉಳಿದ 1,20,000ದಲ್ಲಿ ಅರ್ಧ ಹೋಯಿತು. ಅರವತ್ತು ಸಾವಿರ! ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತು ಚಿಕ್ಕಪ್ಪನಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಂಡೆ. ಹತ್ತು ವರ್ಷ ಒಂದೂ ಕ್ಲೇಮ್ ಮಾಡದೆ ಪ್ರೀಮಿಯಂ ಕಟ್ಟಿದ ಮನೆ ನಮ್ಮದು.

ಆಸ್ಪತ್ರೆಗೆ ಕಟ್ಟಡದ ಖರ್ಚಿದೆ, ಮೆಷಿನ್‌ಗಳ ಸಾಲ ಇದೆ, ಸಂಬಳ ಕೊಡಬೇಕು. ನಿಜ. ಆದರೆ ಅದೇ ಆಪರೇಷನ್‌ಗೆ, ಅದೇ ಡಾಕ್ಟರಿಗೆ, ರೂಮ್ ಬದಲಾದ ಕೂಡಲೇ ರೇಟು ಯಾಕೆ ಬದಲಾಗಬೇಕು? ಇದನ್ನು ಕೇಳುವವರು ಯಾರು? ಐಆರ್‌ಡಿಎಐ ಕೈಯಲ್ಲಿರುವುದು ವಿಮಾ ಕಂಪನಿಗಳು. ಖಾಸಗಿ ಆಸ್ಪತ್ರೆಗಳಿಗೆ ಲೈಸೆನ್ಸ್ ಕೊಡುವುದು ರಾಜ್ಯ. ಪ್ರೀಮಿಯಂಗೆ 10% ಗೆರೆ ಹಾಕಿದವರು ಬಿಲ್ಲಿಗೆ ಗೆರೆ ಹಾಕಲಾರರು. ಬಿಲ್ಲಿಗೆ ಗೆರೆ ಹಾಕಬಹುದಾದ ನಮ್ಮ ರಾಜ್ಯ ಒಮ್ಮೆ ಹೊರಟು ಹಿಂದೆ ಸರಿಯಿತು.

2017 ನೆನಪಿದೆಯಾ? ಆಗ ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ಅವರು ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದರು. ಖಾಸಗಿ ಆಸ್ಪತ್ರೆಗಳ ಚಿಕಿತ್ಸೆಗೆ ಸರ್ಕಾರವೇ ದರ ನಿಗದಿ ಮಾಡುವುದು, ಮೀರಿದರೆ ಜೈಲು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನಡೆಯುವಾಗ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು, ರಾಜ್ಯದ ತುಂಬಾ ರೋಗಿಗಳು ಬಾಗಿಲು ಹಾಕಿದ ಆಸ್ಪತ್ರೆಗಳ ಮುಂದೆ ಪರದಾಡಿದರು. ಕೊನೆಗೆ ಪಾಸಾದ ಕಾನೂನಿನಲ್ಲಿ ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ದರ ನಿಗದಿ ಅಂತಾಯಿತು. ದುಡ್ಡು ಕಟ್ಟಿ ಸೇರುವ ನಮ್ಮಂಥವರು ಹೊರಗುಳಿದೆವು. ಒಳ್ಳೆಯದೂ ಒಂದಿಷ್ಟು ಉಳಿಯಿತು. ರೇಟುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು, ಬಿಲ್ ಬಾಕಿ ಇದೆ ಅಂತ ಹೆಣ ಇಟ್ಟುಕೊಳ್ಳಬಾರದು ಅನ್ನುವ ನಿಯಮಗಳಿವೆ. ಜೈಲಿನ ಮಾತು ಆಗ ಡಾಕ್ಟರುಗಳನ್ನು ಕೆರಳಿಸಿತು, ಅದು ಬೇಕಿರಲಿಲ್ಲ ಅಂತ ನನಗನ್ನಿಸುತ್ತದೆ. ದರದ ಮಾತನ್ನು ಮಾತ್ರ ಬಿಡಬಾರದಿತ್ತು.

ದರ ಮೊದಲೇ ಗಟ್ಟಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದಾಗ ತಿಂಗಳಿಗೆ ಐದು ರೂಪಾಯಿ. ನಡುವೆ ನಿಂತು ಮತ್ತೆ ಬಂದ ಮೇಲೆ ಹಳ್ಳಿಯ ನಾಲ್ಕು ಜನರ ಮನೆಗೆ ವರ್ಷಕ್ಕೆ 500. ಊರಲ್ಲಿ ನನ್ನ ಸೋದರಮಾವ ಡೈರಿಗೆ ಹಾಲು ಹಾಕುತ್ತಾರೆ, ಅವರದು ಅದೇ. ಸರ್ಕಾರದ ದುಡ್ಡು ಸೇರಿದ್ದರಿಂದ ಅಷ್ಟು ಅಗ್ಗ, ಅದು ಸರಿ. ಆದರೆ ಯಾವ ಚಿಕಿತ್ಸೆಗೆ ಎಷ್ಟು ಅನ್ನುವುದು ಮೊದಲೇ ಬರೆದಿಟ್ಟಿದೆ, ಅದೂ ಮುಖ್ಯ. ದರ ತೀರಾ ಕಡಿಮೆ, ಹಣ ತಡವಾಗಿ ಬರುತ್ತದೆ ಅನ್ನುವುದು ಆಸ್ಪತ್ರೆಗಳ ದೂರು. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ, ನ್ಯಾಯವಾದ ದರ ಕೂತು ಮಾತಾಡಿ ಗೊತ್ತುಮಾಡಬೇಕು. ನಮ್ಮಪ್ಪನಿಗೆ ಇದ್ಯಾವುದೂ ಇಲ್ಲ. ತಿಪಟೂರಿನಲ್ಲಿ ಅಂಗಡಿ ನಡೆಸಿದವರು, ಪೆನ್ಷನ್ ಇಲ್ಲ. ಸಹಕಾರ ಸಂಘದಲ್ಲೂ ಇಲ್ಲ. ಕಾರ್ಡು ಎಪಿಎಲ್, ಹಾಗಾಗಿ ರಾಜ್ಯದ ಯೋಜನೆಯಲ್ಲೂ ಪೂರ್ತಿ ಖರ್ಚು ಸಿಗುವುದಿಲ್ಲ. ಕೇಂದ್ರದ ಆಯುಷ್ಮಾನ್ ಸೌಲಭ್ಯ ಎಲ್ಲರಿಗೂ ಅಂತ ಘೋಷಿಸಿದ್ದು 70 ತುಂಬಿದವರಿಗೆ, ಅಪ್ಪನಿಗೆ ಇನ್ನೂ 67.

ನೋಟಿಸ್ ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ. "ಬಿಟ್ಟುಬಿಡೋಣ ಕಣಮ್ಮ. ಆ ದುಡ್ಡು ಬ್ಯಾಂಕಲ್ಲಿ ಇಟ್ಟರೆ ಆಗಲ್ವಾ?"

ಆಗಲ್ಲಪ್ಪ ಅಂದೆ. ಅವರಿಗೆ ಶುಗರ್ ಇದೆ, ಬಿಪಿ ಇದೆ. ಈಗ ಬಿಟ್ಟು ಆಮೇಲೆ ಹೊಸದು ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಮತ್ತೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. 65 ದಾಟಿದವರೂ ಪಾಲಿಸಿ ಕೊಳ್ಳಬಹುದು ಅಂತ 2024ರಲ್ಲಿ ನಿಯಮ ಬದಲಾಗಿದೆ, ಆದರೆ ಯಾವ ಕಂಪನಿ ಯಾವ ಬೆಲೆಗೆ ಕೊಡುತ್ತದೆ? ಒಂದು ರಾತ್ರಿ ಎದೆನೋವು ಅಂತ ಹೋದರೆ ಬ್ಯಾಂಕಿನ 45,000 ಎಷ್ಟು ಹೊತ್ತು ಬರುತ್ತದೆ? ಇದನ್ನೆಲ್ಲ ಅಪ್ಪನ ಮುಖ ನೋಡಿಕೊಂಡು ಹೇಳುವಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಜೀವನಪೂರ್ತಿ ದುಡಿದವರು ಇಳಿವಯಸ್ಸಿನಲ್ಲಿ ನಾನು ನಿಮಗೆ ಭಾರ ಅನ್ನುವ ಹಾಗೆ ತಲೆ ತಗ್ಗಿಸಿ ಕೂತಿದ್ದರು.

ಮಾರನೇ ದಿನ ದುಡ್ಡು ಕಟ್ಟಿದೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಬದಲಾಯಿಸಲು ಎಷ್ಟಾಗುತ್ತದೆ ಅಂತ ಏಜೆಂಟರನ್ನು ಕೇಳಿದ್ದೇನೆ. ಲೆಕ್ಕ ಹಾಕಿ ಹೇಳುತ್ತೇನೆ ಅಂದಿದ್ದಾರೆ.