ಅರ್ಧ ಮಸಾಲೆ ದೋಸೆ, ನಾಲ್ಕನೇ ಪ್ರಯತ್ನ

ಭಾನುವಾರ ಸಂಜೆ ನಾಲ್ಕೂವರೆ. ಬಸವನಗುಡಿಯ ಒಂದು ಹೋಟೆಲಿನ ಮೂಲೆ ಟೇಬಲ್. ಅರ್ಧ ಮಸಾಲೆ ದೋಸೆ, 25 ನಿಮಿಷ. ಎದೆಯಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಬಾಯಲ್ಲಿ ನೊರೆ ಬರಲಿಲ್ಲ. ಖುಷಿಗೆ ಎದುರು ಕೂತಿದ್ದ ಗೆಳೆಯನ ಕೈ ಹಿಡಿದು ಅಲ್ಲಾಡಿಸಿಬಿಟ್ಟೆ.

ಸ್ಲೀವ್, ಅಂದರೆ ತೂಕ ಇಳಿಸಲು ಹೊಟ್ಟೆಯ ಬಹುಭಾಗ ತೆಗೆಯುವ ಆಪರೇಷನ್, ಆಗಿ ಐದು ತಿಂಗಳಾಯಿತು. 118ರಿಂದ 92 ಕಿಲೋಗೆ ಬಂದಿದ್ದೇನೆ. ಗಂಜಿ ನೀರು, ರುಬ್ಬಿದ ಊಟ, ಮೆತ್ತನೆ ಊಟದ ಕತೆ ಈ ಆಪರೇಷನ್ ಆದವರಿಗೆಲ್ಲ ಗೊತ್ತು, ಬಿಡಿ. ಮನೆ ಊಟ ಮೂರನೇ ತಿಂಗಳಿಗೇ ಒಗ್ಗಿತ್ತು. ಹೋಟೆಲ್ ಊಟ ಮಾತ್ರ ಒಗ್ಗುತ್ತಿರಲಿಲ್ಲ, ಅದರಲ್ಲೂ ಮಸಾಲೆ ದೋಸೆ.

ಮೊದಲ ಸಲ ದರ್ಶಿನಿಯಲ್ಲಿ ಸೋತೆ. ನಿಂತು ತಿನ್ನುವ ಜಾಗ. ತಟ್ಟೆ ಹಿಡಿದು ಇಬ್ಬರು ಹಿಂದೆ ಕಾಯುತ್ತಿದ್ದರು. ನಾಲ್ಕನೇ ತುತ್ತಿಗೆ ಎದೆಮೂಳೆಯ ಹಿಂದೆ ಕಲ್ಲಿಟ್ಟ ಹಾಗಾಯಿತು. ಹೊಟ್ಟೆ ತುಂಬಿತು ಅಂದುಕೊಂಡೆ. ಆದರೆ ಮುಕ್ಕಾಲು ಭಾಗ ತೆಗೆದರೂ 100–150 ಎಂಎಲ್ ಹಿಡಿಯುವ ಚೀಲ ಉಳಿದಿರುತ್ತದೆ. ನಾಲ್ಕು ತುತ್ತಿಗೆ ಅದು ತುಂಬುತ್ತದೆಯೇ?

ಎರಡನೇ ಸಲ ದೋಸೆಯನ್ನೇ ಗಮನಿಸಿದೆ. ಪಲ್ಯ ಇಟ್ಟ ಮಧ್ಯಭಾಗ ಹಬೆಗೆ ಮೆತ್ತಗಾಗಿರುತ್ತದೆ. ಅಗಿದರೆ ಪುಡಿಯಾಗುವುದಿಲ್ಲ, ಹಿಟ್ಟಿನ ಉಂಡೆಯಾಗುತ್ತದೆ. ಮೆತ್ತನೆ ಬ್ರೆಡ್ ಸಿಕ್ಕಿಕೊಳ್ಳುತ್ತದೆ, ಟೋಸ್ಟ್ ಮಾಡಿದ್ದು ಇಳಿಯುತ್ತದೆ, ಅಲ್ವಾ? ಅದೇ ಲೆಕ್ಕ. ಗರಿಗರಿ ಅಂಚನ್ನಷ್ಟೇ ತಿಂದೆ, ಚೆನ್ನಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಸಾಂಬಾರ್ ಬಟ್ಟಲು ಎತ್ತಿ ಎರಡು ಗುಟುಕು ಕುಡಿದೆ. ಒತ್ತಡ, ನೊರೆ, ಎಲ್ಲಾ ಶುರುವಾಯಿತು. ಊಟದ ಜೊತೆ ನೀರು ಬೇಡ, ಆದಮೇಲೂ ಅರ್ಧ ಗಂಟೆ ಬೇಡ ಅನ್ನುವ ನಿಯಮ ಸಾಂಬಾರಿಗೂ ಸೇರುತ್ತದೆ. ಕಾಫಿಗೂ.

ಮೂರನೇ ಸಲದ್ದು ತಲೆ ಕೆಡಿಸಿತು. ಕೂತು ತಿಂದೆ, ಅಂಚು ಮಾತ್ರ. ಸಾಂಬಾರಿಲ್ಲ, ಕಾಫಿಯಿಲ್ಲ. ಆದರೂ ಸಿಕ್ಕಿಕೊಂಡಿತು. ಒಂದು ವಾರ ಅದೇ ಯೋಚನೆ. ಕೊನೆಗೆ ನೋಟ್‌ಬುಕ್ ತಿರುವಿದಾಗ ಕಣ್ಣಿಗೆ ಬಿತ್ತು. ಹೇಗೂ ದೋಸೆ ತಿನ್ನುತ್ತೇನಲ್ಲ, ಜಾಗ ಇರಲಿ ಅಂತ ಮೂರು ಸಲವೂ ಮಧ್ಯಾಹ್ನದ ಊಟ ಬಿಟ್ಟಿದ್ದೆ. ಹಸಿದು ಹೋದರೆ ಮೊದಲ ಮೂರು ತುತ್ತು ದೊಡ್ಡದಾಗುತ್ತವೆ, ಅಗಿಯುವುದೂ ಕಡಿಮೆ. ಮೊದಲನೆಯದು ಇಳಿಯುವ ಮುಂಚೆ ಮೂರನೆಯದು ಮೇಲೆ ಬಂದು ಕೂರುತ್ತದೆ. ಆಮೇಲೆ ಎಷ್ಟು ನಿಧಾನ ಮಾಡಿದರೂ ಅಷ್ಟೇ.

ಹಾಗಾಗಿ ಭಾನುವಾರ ಎರಡೂವರೆಗೆ ಮನೆಯಲ್ಲೇ 50 ಗ್ರಾಂ ಪನೀರ್ ತಿಂದೆ. ನಾಲ್ಕಕ್ಕೆ ಹೋಟೆಲಿಗೆ ಹೋಗಿ ಮೊದಲು ಕಾಫಿ ಕುಡಿದೆ, ಸಕ್ಕರೆ ಇಲ್ಲದೆ. ಅರ್ಧ ಗಂಟೆ ಬರೀ ಮಾತು. ಆಮೇಲೆ ಒಂದು ದೋಸೆ, ಎರಡು ತಟ್ಟೆ. "ಪಲ್ಯ ಬೇರೆ ಕೊಡಿ, ಗರಿಗರಿ ಇರಲಿ" ಅಂದೆ. ಮೊದಲ ತುತ್ತು ಉಗುರಿನಷ್ಟು. 25 ಸಲ ಅಗಿದು ನುಂಗಿ, ಫೋನಿನಲ್ಲಿ ಒಂದು ನಿಮಿಷ ಇಟ್ಟು ಕಾದೆ. ಐದನೇ ತುತ್ತಿನ ಹೊತ್ತಿಗೆ ಟೈಮರ್ ಬೇಕಾಗಲಿಲ್ಲ.

ಸರ್ವರ್ ಎರಡು ಸಲ ಬಂದು "ಚೆನ್ನಾಗಿಲ್ವಾ ಸಾರ್?" ಅಂತ ಕೇಳಿದರು. ಹೊಟ್ಟೆ ಆಪರೇಷನ್ ಆಗಿದೆ, ನಿಧಾನವಾಗಿ ತಿನ್ತೀನಿ ಅಂದೆ. ತಟ್ಟೆ ಎತ್ತಲು ಬಂದ ಹುಡುಗನನ್ನು ಆಮೇಲೆ ಅವರೇ ತಡೆದರು. ಆ ಉಪಕಾರ ಮರೆಯುವುದಿಲ್ಲ.

ಇಂಥವರೂ ಇದ್ದಾರೆ, ನಮ್ಮ ಬೀದಿಯ ಮೆಡಿಕಲ್ ಶಾಪೂ ಇದೆ. ಕ್ಯಾಲ್ಸಿಯಂ ಸಿಟ್ರೇಟ್ ಮಾತ್ರೆ ಅಂತ ಚೀಟಿ ಕೊಟ್ಟರೆ ನಾಲ್ಕನೇ ಸಲವೂ ಕಾರ್ಬೊನೇಟ್ ಕೊಟ್ಟರು. "ಎರಡೂ ಒಂದೇ ಸಾರ್." ಒಂದೇ ಅಲ್ಲ! ಕಾರ್ಬೊನೇಟ್ ಕರಗಲು ಹೊಟ್ಟೆಯಲ್ಲಿ ಆಸಿಡ್ ಬೇಕು, ನಮಗೆ ಕಡಿಮೆ ಇರುವುದೇ ಅದು. ಚೀಟಿಯನ್ನು ಅವರೆದುರೇ ಓದಿಸಿ ತನ್ನಿ. ಪ್ರೋಟೀನ್ ಪುಡಿಯದ್ದೂ ಅದೇ ಗೋಳು. ಸಪ್ಪೆಯದ್ದು ಕೇಳಿದರೆ ಮಾವಿನಹಣ್ಣಿನ ವಾಸನೆಯದ್ದು ಬಂತು. ವಾಪಸ್ ತಗೊಳ್ಳಲ್ಲವಂತೆ.

ವಿದ್ಯಾರ್ಥಿ ಭವನ ಇನ್ನೂ ದೂರ. 1943ರಿಂದ ಗಾಂಧಿ ಬಜಾರಿನಲ್ಲಿರುವ ಆ ಹೋಟೆಲಿನ ದೋಸೆ ಹೊರಗೆ ಗರಿಗರಿ, ಒಳಗೆ ದಪ್ಪ, ಮೆತ್ತಗೆ. ತುಪ್ಪವೂ ಧಾರಾಳ. ಇನ್ನಾರು ತಿಂಗಳು ಕಳೆಯಲಿ.

ಅದಕ್ಕೂ ಮುಂಚೆ ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಮದುವೆ ಊಟ ಇದೆ. ಹೆಸರುಬೇಳೆ ಕೋಸಂಬರಿ ಮೊದಲು, ಚೆನ್ನಾಗಿ ಅಗಿದು. ಆಮೇಲೆ ಹುಳಿಯ ಹೋಳು, ಕೊನೆಗೆ ಎರಡು ಚಮಚ ಮೊಸರನ್ನ. ಹೋಳಿಗೆ, ಪಾಯಸ ಬೇಡ. ಡಂಪಿಂಗ್, ಅಂದರೆ ಸಿಹಿ ಸರ್ರನೆ ಕರುಳಿಗೆ ಇಳಿದು ತಲೆಸುತ್ತು, ಬೆವರು, ಭೇದಿ ಆಗುವುದು, ಹೊಟ್ಟೆಯ ಬೈಪಾಸ್ ಆಪರೇಷನ್ ಆದವರಿಗೆ ಜಾಸ್ತಿ ನಿಜ, ಸ್ಲೀವ್‌ನವರಿಗೂ ಆಗುತ್ತದೆ. ಪಂಕ್ತಿಯ ಮಧ್ಯೆ ಎದ್ದು ಹೋಗಲು ನನಗೆ ಇಷ್ಟವಿಲ್ಲ. ಎಲೆಗೆ ಬಿದ್ದದ್ದನ್ನು ಪಕ್ಕದವರಿಗೆ ದಾಟಿಸುವಂತಿಲ್ಲ, ಎಂಜಲು. ಬಿಸಾಡಲು ಮನಸ್ಸು ಬರುವುದಿಲ್ಲ. ಬೀಳುವ ಮೊದಲೇ ಕೈ ಅಡ್ಡ ಹಿಡಿಯಬೇಕು. ಆದರೆ ನಮ್ಮ ಕಡೆ ಬೆರಳ ಸಂದಿಯಲ್ಲೂ ಹೋಳಿಗೆ ತೂರಿಸುವ ಚಿಕ್ಕಪ್ಪಂದಿರಿದ್ದಾರೆ.

ಶನಿವಾರ ಮನೆಯಲ್ಲೇ ರಿಹರ್ಸಲ್. ಬಾಳೆಲೆ ಹಾಕಿ ಅಮ್ಮ ಬಡಿಸುತ್ತಾರೆ. ಬೇಡ ಅಂದರೂ ಒತ್ತಾಯ ಮಾಡಿಯೇ ಬಡಿಸಬೇಕು ಅಂತ ಹೇಳಿದ್ದೇನೆ.