ಸೇತುವೆ ಆಗಲಿ, ನೋಡೋಣ

ನಾನು ಮದುವೆಯಾಗಿ ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಗೆ ಬಂದದ್ದು 1994ರಲ್ಲಿ. ದಿಬ್ಬಣ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚ್‌ಗಾಗಿ ಒಂದೂವರೆ ಗಂಟೆ ಕಾದಿತ್ತು. ಕೊನೆಗೂ ಹತ್ತಿ ಕಂಬಿ ಹಿಡಿದು ನಿಂತಾಗ ಪಕ್ಕದಲ್ಲಿದ್ದ ಮಾವ ನನ್ನೊಂದಿಗೆ ಆಡಿದ ಮೊದಲ ಮಾತು, "ಹೆದರಬೇಡಮ್ಮ, ಇನ್ನೇನು ಸೇತುವೆ ಆಗುತ್ತದೆ."

ಆಮೇಲೆ ತಿಳಿಯಿತು, ಈ ಮನೆಯಲ್ಲಿ ಪಂಚಾಂಗಕ್ಕಿಂತ ಸೇತುವೆಯೇ ದೊಡ್ಡದು. ಹೆಂಚು ಬದಲಾಯಿಸಬೇಕೇ? ಸೇತುವೆ ಆಗಲಿ. ನಾದಿನಿಗೆ ಆಚೆ ದಡದ ಸಂಬಂಧ ನೋಡಬೇಕೇ? ಸೇತುವೆ ಆಗಲಿ, ಓಡಾಟಕ್ಕೆ ಸಲೀಸು. ನಮ್ಮ ಮನೆಯವರಿಗೆ ಈ ಮಾತು ತಂದೆಯಿಂದ ಆಸ್ತಿಯಂತೆ ಬಂದಿತ್ತು. ಅವರು ಸೋಮಾರಿಯಲ್ಲ, ಅದನ್ನು ಹೇಳಲೇಬೇಕು. ತೋಟದಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ದುಡಿಯುತ್ತಾರೆ. ಆದರೆ ಮನೆಯಲ್ಲಿ ಹೊಸದಾಗಿ ಒಂದು ಮೊಳೆ ಹೊಡೆಯಬೇಕಾದರೂ ಕಣ್ಣು ಹೊಳೆಯ ಕಡೆ ತಿರುಗುತ್ತಿತ್ತು.

ಇದರಲ್ಲಿ ಹೆಚ್ಚು ಅನುಭವಿಸಿದ್ದು ಬಚ್ಚಲು. ಮಲೆನಾಡಿನ ಮನೆಯಲ್ಲಿ ಬಚ್ಚಲು ಎಂದರೆ ಸ್ನಾನಕ್ಕೆ ಮಾತ್ರವಲ್ಲ. ಹಂಡೆ ಒಲೆಯ ಮುಂದೆ ಮಳೆಗಾಲದ ಮೂರು ತಿಂಗಳು ಬಟ್ಟೆ ಒಣಗಬೇಕು, ಒದ್ದೆಯಾಗಿ ಬಂದವರು ಮೈ ಕಾಯಿಸಿಕೊಳ್ಳಬೇಕು. ನಮ್ಮದು ಮನೆಗೆ ಆನಿಸಿ ಕಟ್ಟಿದ ಇಳಿಮಾಡು. ಮೊದಲು ಸೋಗೆ ಇತ್ತು, ಆಮೇಲೆ ತಗಡು, ತಗಡು ತೂತಾದ ಮೇಲೆ ಅದರ ಮೇಲೊಂದು ನೀಲಿ ಟಾರ್ಪಾಲು, ಟಾರ್ಪಾಲು ಹಾರದಂತೆ ಹಳೆಯ ಟೈರು. ಸಿಮೆಂಟ್ ತರುವುದೆಂದರೆ ಸಾಗರದಿಂದ ಆವಿನಹಳ್ಳಿ ದಾಟಿ ಹೊಳೆಯ ದಡಕ್ಕೆ ಬಂದು, ಸಿಗಂದೂರಿಗೆ ಹೊರಟ ಕಾರುಗಳ ಸಾಲಿನಲ್ಲಿ ನಿಂತು, ಗಾಡಿಯನ್ನು ಲಾಂಚ್‌ಗೆ ಹತ್ತಿಸಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಜನ ಮಾತ್ರ, ಗಾಡಿ ಇಲ್ಲ. ಹಾಗಾಗಿ ಇಪ್ಪತ್ತು ವರ್ಷ ಟೈರಿನ ಕೆಳಗೆ ಸ್ನಾನ ಮಾಡಿದೆವು.

2014ರ ಜುಲೈಯಲ್ಲಿ ಒಂದು ರಾತ್ರಿ ಅತ್ತೆ ಬಚ್ಚಲಿನ ಪಾಚಿಯ ಮೇಲೆ ಜಾರಿಬಿದ್ದರು. ಬಲಗೈ ಮಣಿಕಟ್ಟು ನೋಡುತ್ತಿದ್ದಂತೆ ಊದಿಕೊಂಡಿತು. ಕೊನೆಯ ಲಾಂಚ್ ಹೋಗಿ ಎರಡು ಗಂಟೆಯಾಗಿತ್ತು. ಇವರು ಮೊಬೈಲ್ ಹಿಡಿದು ಅಂಗಳದಲ್ಲಿ ಸಿಗ್ನಲ್ ಹುಡುಕುತ್ತಾ ಸೇತುವೆಗೂ ಸರ್ಕಾರಕ್ಕೂ ಒಟ್ಟಿಗೆ ಬಯ್ಯುತ್ತಿದ್ದರು. ಅತ್ತೆ ಒಳಗಿನಿಂದ, "ಅವನಿಗೆ ಸುಮ್ಮನೆ ಒಳಗೆ ಬರಲು ಹೇಳು. ಒಂದು ಹಾಳೆ ತೆಗೆದುಕೊಂಡು ಬಾ" ಎಂದರು. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೊಳಕೈ ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿದೆ. ಮೇಲೊಂದು ಕೆಳಗೊಂದು ಇಟ್ಟು, ಹಳೆಯ ಪಂಚೆ ಹರಿದು ಸುತ್ತಿದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹಲ್ಲು ಕಚ್ಚಿಕೊಂಡೇ ಹೇಳಿಕೊಟ್ಟರು. ಆಮೇಲೆ ಚಹಾ ಕೇಳಿದರು. ಬೆಳಗಿನ ಮೊದಲ ಲಾಂಚ್‌ಗೆ ಹೊರಟೆವು. ಸಾಗರದ ಡಾಕ್ಟರು ಆ ಕಟ್ಟು ಬಿಚ್ಚುವಾಗ ಯಾರು ಕಟ್ಟಿದ್ದೆಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅತ್ತೆ, "ನಮ್ಮ ಸೊಸೆ" ಎಂದರು. ನನ್ನನ್ನು ಅವರು ಹೊಗಳಿದ್ದು ಅದೊಂದೇ ಸಲ ಇರಬೇಕು.

ಆ ವರ್ಷ ಅಡಿಕೆ ಕೊಯ್ಲಿನ ಲೆಕ್ಕ ಮುಗಿಯುತ್ತಿದ್ದಂತೆ ನಾನೇ ಸಾಗರಕ್ಕೆ ಹೋದೆ. ಇಪ್ಪತ್ತೈದು ಚೀಲ ಸಿಮೆಂಟ್ ಪಿಕಪ್‌ಗೆ ಹಾಕಿಸಿ ದಡಕ್ಕೆ ಬಂದರೆ ರಜೆಯ ದಿನ, ಕಾರುಗಳ ಸಾಲು ತಿರುವಿನವರೆಗೆ. ಎರಡು ಲಾಂಚ್ ತಪ್ಪಿತು. ಪಿಕಪ್‌ನ ಹುಡುಗ, "ಅಕ್ಕ, ಇನ್ನೆರಡು ವರ್ಷ ತಡೆದಿದ್ದರೆ ಸೇತುವೆ ಮೇಲೆಯೇ ತರಬಹುದಿತ್ತಲ್ಲ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಅವನು ನನ್ನ ಮದುವೆಯ ಹೊತ್ತಿಗೆ ಹುಟ್ಟಿದ್ದನೋ ಇಲ್ಲವೋ! ಒಟ್ಟು ಖರ್ಚು ಅರವತ್ತೆರಡು ಸಾವಿರ. ಇವರು ಹದಿನೈದು ದಿನ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಆದರೆ ಹೊಸ ಬಚ್ಚಲಿನಲ್ಲಿ ಮೊದಲ ಸ್ನಾನ ಅವರದೇ. ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಗೆ ನೀರು ಏರಿದಾಗ ಅವರಿಗೆ ಹನ್ನೆರಡರ ಆಸುಪಾಸು. ತವರಿನವರನ್ನು ಸಾಮಾನಿನ ಸಮೇತ ಲಾರಿಯಲ್ಲಿ ತುಂಬಿ ಜಿಲ್ಲೆಯ ಇನ್ನೊಂದು ಮೂಲೆಯ ಕಾಡಿನಲ್ಲಿ ಇಳಿಸಿದರಂತೆ. ಅಲ್ಲಿಯ ಜಮೀನಿನ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಅತ್ತೆಯ ಅಣ್ಣ ಒಂದು ಕಡತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೀವಮಾನವಿಡೀ ಕಚೇರಿಯಿಂದ ಕಚೇರಿಗೆ ಹೊತ್ತರು. ಹೊರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಕರೆಂಟು ನಾಡಿಗೆಲ್ಲ ಹೋಯಿತು, ಮುಳುಗಿದ್ದು ಇವರ ಗದ್ದೆ. ಕೇಳಲೇಬೇಕಾದದ್ದು ಅದು. ಆದರೆ ಹಕ್ಕುಪತ್ರ ಬರದೆ ಬಾವಿ ತೋಡಿಸುವುದಿಲ್ಲ ಎಂದು ಅವರು ಹಟ ಹಿಡಿದರು. ನಾಳೆ ಎಬ್ಬಿಸಿದರೆ ಬಾವಿ ಹೊತ್ತುಕೊಂಡು ಹೋಗಲಾದೀತೇ ಎನ್ನುವುದು ಅವರ ವಾದ. ಪಕ್ಕದ ಮನೆಯವರಿಗೂ ಪತ್ರ ಇರಲಿಲ್ಲ, ಬಾವಿ ಇತ್ತು. ಅತ್ತೆಯ ಅತ್ತಿಗೆ ಮೂವತ್ತು ವರ್ಷ ಆ ಮನೆಯಿಂದಲೇ ನೀರು ಹೊತ್ತರು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಊರುಗಳ ಗುರುತು ಏಳುತ್ತವೆ. ನೀರು ತೀರಾ ತಗ್ಗಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಬರುತ್ತದೆ, ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. ಅತ್ತೆಯನ್ನು ಒಮ್ಮೆ ಕರೆದೆ. "ನೀರು ಕುಡಿದ ಕಲ್ಲು ನೋಡುವುದಕ್ಕೆ ಏನಿದೆ? ಹಪ್ಪಳ ಒಣಗಬೇಕು" ಎಂದರು. ಕಣ್ಣು ಮಾತ್ರ ಸ್ವಲ್ಪ ಹೊತ್ತು ಆ ಕಡೆಗೇ ಇತ್ತು.

ಸೇತುವೆಗೆ ಶಂಕುಸ್ಥಾಪನೆ ಆದದ್ದು 2018ರ ಫೆಬ್ರವರಿಯಲ್ಲಿ. 2025ರ ಜುಲೈ 14ರಂದು ಉದ್ಘಾಟನೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ನಡುವೆ ತಂತಿಗಳಿಂದ ತೂಗುಬಿಟ್ಟ ಭಾಗ. ನಿಜಕ್ಕೂ ಚೆಂದವಿದೆ. ಇನ್ನು ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಬೆಳಗಿನ ಲಾಂಚ್ ಕಾಯಬೇಕಿಲ್ಲ. ಅದು ಸಣ್ಣ ಮಾತಲ್ಲ. ಮಾವ ನೋಡಲಿಲ್ಲ, ಅವರು ತೀರಿಕೊಂಡು ಹದಿನಾರು ವರ್ಷ. ಮೊದಲ ಸಲ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಅವರಿಗೆ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ, ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಾ ಕುಳಿತಿದ್ದರು. ಸೇತುವೆ ಬಂತು ಎಂದು ಇವರು ಕೂಗಿ ಹೇಳಿ, ಅವರು ಕಣ್ಣು ಬಿಡುವಷ್ಟರಲ್ಲಿ ಆಚೆ ದಡ. "ಮುಗಿಯಿತೇ?" ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದರು.

ಸೇತುವೆ ಆದ ಮೇಲೆ ಊರಿಗೇ ಬರುತ್ತೇನೆ ಎನ್ನುತ್ತಿದ್ದ ಮಗ ಬೆಂಗಳೂರಿನಲ್ಲೇ ಇದ್ದಾನೆ. ಅವನ ಮೇಲೆ ನನಗೆ ಕೋಪವಿಲ್ಲ.

ಇವರಿಗೆ ಈಗ ಕಾಯಲು ಬೇರೆ ಸಿಕ್ಕಿದೆ. ತೋಟಕ್ಕೆ ಎಲೆಚುಕ್ಕಿ ಬಿದ್ದಿದೆ. ಕೆಳಗಿನ ಸೋಗೆಯಿಂದ ಶುರುವಾಗಿ ಚುಕ್ಕಿ ಚುಕ್ಕಿ ಸೇರಿ ಎಲೆಯೇ ಸುಟ್ಟಂತಾಗುತ್ತದೆ. ಸರಿಯಾದ ಔಷಧಿ ಕಂಡುಹಿಡಿಯಲಿ, ಆಮೇಲೆ ಕೈಹಾಕೋಣ ಎನ್ನುತ್ತಾರೆ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಕೋಲ್ಮನ್ ಸಾಹೇಬರು ಬಂದು ಬೋರ್ಡೋ ದ್ರಾವಣ ಕಲಿಸಲಿಲ್ಲವೇ ಎಂಬುದು ಅವರ ಉದಾಹರಣೆ. ಹೌದು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಕಲಿಸಿದ್ದನ್ನೇ ನಾವು ಇಂದಿಗೂ ಮಾಡುತ್ತಿದ್ದೇವೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆದರೆ ಅವರು ಬರುವ ಮೊದಲು ನಮ್ಮ ಹಿರಿಯರು ಕೈಕಟ್ಟಿ ಕುಳಿತಿದ್ದರೇ? ಮರ ಮರ ಹತ್ತಿ ಅಡಿಕೆ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಸಿಕ್ಕಷ್ಟು ಸಿಕ್ಕಿತು, ಉದುರಿದ್ದು ಉದುರಿತು. ಇದನ್ನು ಹೇಳಿದರೆ ಇವರು ಪೇಪರ್ ಅಡ್ಡ ಹಿಡಿಯುತ್ತಾರೆ. ಕಳೆದ ತಿಂಗಳು ಮಳೆಗೆ ಮೊದಲು ನಾನೇ ಇಬ್ಬರನ್ನು ಕರೆಸಿ ರೋಗದ ಸೋಗೆ ಕಡಿಸಿ ಸುಡಿಸಿದೆ, ಔಷಧಿ ಹೊಡೆಸಿದೆ. ಗದ್ದೆ ಅಂಚಿನ ಸಾಲು ಚೇತರಿಸಿಕೊಂಡ ಹಾಗಿದೆ. ತಗ್ಗಿನ ಸಾಲು ಉಳಿಯುವ ಲಕ್ಷಣ ಕಾಣುತ್ತಿಲ್ಲ. ಅಲ್ಲಿ ಕಾಳುಮೆಣಸಿಗೆ ಬೇರೆ ಆಸರೆ ಹುಡುಕಬೇಕು.

ಇದನ್ನು ಬರೆಯುವಾಗ ಬಚ್ಚಲಿನಿಂದ ಟಪ್ ಟಪ್ ಕೇಳುತ್ತಿದೆ. ಹನ್ನೊಂದು ವರ್ಷದ ಮೇಲೆ ಹಂಡೆಯ ಹಿಂದಿನ ಮೂಲೆ ಬಿರುಕು ಬಿಟ್ಟಿದೆ. ಈಗ ಸಿಮೆಂಟ್ ತರುವುದು ಅರ್ಧ ದಿನದ ಕೆಲಸ. "ಮಳೆ ಬಿಡಲಿ, ನೋಡೋಣ" ಎಂದು ಇವರು ಈಗಷ್ಟೇ ಹೇಳಿ ಮಲಗಿದರು. ಈ ಸಲ ಅವರು ಹೇಳಿದ್ದೇ ಸರಿ, ಆರಿದ್ರಾ ಮಳೆಯಲ್ಲಿ ಗಾರೆ ನಿಲ್ಲುವುದಿಲ್ಲ. ಕೆಳಗೆ ಬಕೆಟ್ ಇಟ್ಟು ಬಂದಿದ್ದೇನೆ. ಬೆಳಗಿನ ಜಾವಕ್ಕೆ ತುಂಬುತ್ತದೆ, ಒಮ್ಮೆ ಎದ್ದು ಚೆಲ್ಲಬೇಕು.