ಬೀದರಿನ ಹೆಲಿಕೋನಿಯಾ, ಲೀಡ್ಸಿನ ಬಾಳೆ

ಮೂರು ಚಳಿಗಾಲದ ಹಿಂದೆ ನಮ್ಮ ಹಿತ್ತಲಿನ ಹೆಲಿಕೋನಿಯಾವನ್ನು, ಬಾಳೆಯಂಥ ಎಲೆಯ ಆ ಹೂಗಿಡವನ್ನು, ನಾನೇ ಕೊಂದೆ. ಎಳ್ಳ ಅಮಾವಾಸ್ಯೆ ಮುಗಿದು ಹತ್ತು ದಿನವಾಗಿರಬೇಕು. ಬೀದರಿನ ಚಳಿ ಕಂಡವರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ. ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಬಯಲು ನಮ್ಮದು. ಗಾಳಿಗೆ ತಡೆಯಿಲ್ಲ, ಕೆಲವು ರಾತ್ರಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಎಲೆಗಳ ಅಂಚು ಕಂದಿತ್ತು. ವಾರದೊಳಗೆ ಇಡೀ ಗುಂಪು ಒಣಗಿ ಗರಗರ ಎನ್ನತೊಡಗಿತು. ಸತ್ತಿತು ಎಂದುಕೊಂಡು ಗುದ್ದಲಿ ಹಾಕಿ ಕಿತ್ತೆ. ಗುದ್ದಲಿಯ ಬಾಯಿಗೆ ಸಿಕ್ಕು ಒಂದು ಗೆಡ್ಡೆ ಎರಡಾಯಿತು. ಒಳಗೆ ಅಚ್ಚ ಬಿಳುಪು, ಮುಟ್ಟಿದರೆ ಬೆರಳಿಗೆ ನೀರು ಹತ್ತಿತು. ಅದನ್ನು ಕಣ್ಣಾರೆ ನೋಡಿಯೂ ತಿಪ್ಪೆಗೆ ಎಸೆದೆ. ಇವತ್ತಿಗೂ ಆ ಬಿಳುಪು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಿಡದಲ್ಲಿ ಜೀವ ಇತ್ತು ಎಂಬುದನ್ನು ನನಗೆ ತಿಳಿಸಿದ್ದು ಬೀದರಿಗಿಂತ ಎಷ್ಟೋ ಪಾಲು ಚಳಿಯಿರುವ ಊರು. ಅದೇ ಸೆಪ್ಟೆಂಬರಿನಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಲೀಡ್ಸಿಗೆ ಹೋದೆ. ಅವಳ ಹಿಂದಿನ ಅಂಗಳಕ್ಕೆ ಕಾಲಿಟ್ಟರೆ ಎದುರಿಗೆ ನನಗಿಂತ ಎತ್ತರದ ಬಾಳೆ! ಮೊದಲ ಚಳಿಗಾಲವನ್ನು ಕುಂಡದಲ್ಲಿ, ಸಾಮಾನಿನ ಕೋಣೆಯೊಳಗೆ ಕಳೆದಿದ್ದ ಗಿಡವನ್ನು ಅಳಿಯ ಮೇ ತಿಂಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಬುಡದಲ್ಲಿ ನೆಲಕ್ಕಿಟ್ಟಿದ್ದರು. ಹಗಲಿನ ಬಿಸಿಲನ್ನು ಆ ಗೋಡೆ ಹೀರಿಕೊಂಡು ರಾತ್ರಿ ಬಿಟ್ಟುಕೊಡುತ್ತದೆ. ಗಿಡದ ಹೆಸರು ಮ್ಯೂಸಾ ಬಾಸ್ಜೂ. ಅಲ್ಲಿಯವರು ಜಪಾನ್ ಬಾಳೆ ಎನ್ನುತ್ತಾರೆ, ಆದರೆ ಮೂಲ ಚೀನಾದ ದಕ್ಷಿಣ ಭಾಗ. ಇದರ ಕಾಯಿ ಬೀಜವೇ ಬೀಜ, ತಿನ್ನಲು ಬರುವುದಿಲ್ಲ. ಹಣ್ಣು ಕೊಡದ ಬಾಳೆಗೆ ಇಷ್ಟು ಉಪಚಾರವೇ ಎಂದು ಮೊದಲು ಅನಿಸಿತು. ಎಲೆಯ ಕೆಳಗೆ ಕುರ್ಚಿ ಹಾಕಿಕೊಂಡು ಒಂದು ಸಂಜೆ ಕುಳಿತ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ಎಲೆಯ ಚೆಲುವಿಗಾಗಿಯೇ ಗಿಡ ಬೆಳೆಸುವ ಈ ಹುಚ್ಚು ಅಲ್ಲಿ ಹಳೆಯದು. ಲಂಡನ್ನಿನ ಬ್ಯಾಟರ್ಸೀ ಉದ್ಯಾನದಲ್ಲಿ 1860ರ ದಶಕದಲ್ಲಿ ಬಾಳೆ, ಕಾಬಾಳೆ (ಕೇನಾ), ತಾಳೆಗಳನ್ನು ಬೇಸಿಗೆಯಲ್ಲಿ ಬಯಲಿಗಿಟ್ಟು ತೋಟ ಮಾಡಿದ ಜಾನ್ ಗಿಬ್ಸನ್, 1835ರಲ್ಲಿ ಗಿಡ ಸಂಗ್ರಹಿಸಲು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು ಖಾಸಿ ಬೆಟ್ಟಗಳನ್ನು ಸುತ್ತಿದ್ದವನು. ಆ ಕಾಡು ಅವನ ಕಣ್ಣಿನಿಂದ ಹೋಗಿರಲಿಕ್ಕಿಲ್ಲ ಎಂದು ನನ್ನ ಊಹೆ.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಇಂಥ ಗಿಡಗಳಲ್ಲೇ ಅವರು ವಯಸ್ಸು ಕಳೆದಿದ್ದಾರೆ. ಅವರ ಮುಂಬಾಗಿಲಿನ ತಾಳೆಯನ್ನು ನೋಡಿ, ಕಾಂಡಕ್ಕೆ ಯಾರೋ ಗೋಣಿತಾಟು ಸುತ್ತಿದ್ದಾರೆ ಎಂದುಕೊಂಡಿದ್ದೆ. ಹತ್ತಿರ ಹೋದರೆ ಅದು ಗಿಡದ ಸ್ವಂತ ನಾರು. ರಾಬರ್ಟ್ ಫಾರ್ಚೂನ್ ಎಂಬುವನು 1849ರಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಕಳಿಸಿದ ಜಾತಿಯಂತೆ, ಹೆಸರಿನಲ್ಲೂ ಅವನಿದ್ದಾನೆ: ಟ್ರಾಕಿಕಾರ್ಪಸ್ ಫಾರ್ಚೂನಿ. ಡಿಸೆಂಬರಿನಲ್ಲಿ ಅದರ ಬೀಸಣಿಗೆ ಎಲೆಗಳ ಮೇಲೆ ಹಿಮ ಬಿದ್ದು ಬಾಗಿದವು. ಮಧ್ಯಾಹ್ನ ಹಿಮ ಜಾರಿತು, ಎಲೆ ಮತ್ತೆ ನೆಟ್ಟಗಾಯಿತು.

ಬಾಳೆಗೆ ಆ ಕಸುವಿಲ್ಲ. ನವೆಂಬರ್ ಮೊದಲ ವಾರ ಇಬ್ಬನಿ ಹೆಪ್ಪುಗಟ್ಟಿದ ಮರುದಿನವೇ ಎಲೆಗಳೆಲ್ಲ ಕಪ್ಪು ತಿರುಗಿ, ಹಿಂಡದೆ ಹರವಿದ ಸೀರೆಯಂತೆ ಜೋತುಬಿದ್ದವು. ಹಿರಿಯರು ಹೇಳಿದಂತೆ ಎಲೆ ಕತ್ತರಿಸಿ ನಾಲ್ಕು ಅಡಿಯ ದಿಂಡು ಉಳಿಸಿದೆವು. ಸುತ್ತಲೂ ನಾಲ್ಕು ಬಿದಿರು ಗಳ, ಅದಕ್ಕೆ ಕೋಳಿಗೂಡಿಗೆ ಹಾಕುವ ತಂತಿಬಲೆ, ನಡುವೆ ಗೋಧಿ ಹುಲ್ಲು. ಅಳಿಯ ಹುಲ್ಲನ್ನು ಹಿಡಿ ಹಿಡಿಯಾಗಿ ತುರುಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹೊಲದಲ್ಲಿ ಅಪ್ಪ ಜೋಳದ ಕಣಿಕೆಯ ಬಣವೆ ಒಟ್ಟುವಾಗ ಕೆಳಗಿನಿಂದ ಸೂಡು ಕೊಡುತ್ತಿದ್ದವಳು ನಾನು. "ಹಾಗಲ್ಲಪ್ಪ, ತುದಿ ಹೊರಗೆ ಬರಲಿ, ಇಳಿಜಾರಾಗಲಿ, ನೀರು ಹೊರಗೆ ಜಾರಬೇಕು" ಎಂದು ನಾನೇ ಕೂತು ಜೋಡಿಸಿದೆ. ಮೇಲೊಂದು ಪ್ಲಾಸ್ಟಿಕ್ ಹಾಳೆಯ ಮುಚ್ಚಳ ಹಾಕಿ, ಬದಿಗಳನ್ನು ಗಾಳಿಯಾಡಲು ಬಿಟ್ಟೆವು. ಹಿರಿಯರು ಸುತ್ತ ಒಂದು ಸುತ್ತು ಬಂದು ನೋಡಿ ತಲೆದೂಗಿದರು. ಚಳಿಗಿಂತ ಚಳಿಯಲ್ಲಿ ನಿಂತ ನೀರೇ ಹೆಚ್ಚು ಗಿಡ ಕೊಲ್ಲುತ್ತದೆ ಎಂಬುದು ಅವರ ಅನುಭವ. ಬಣವೆ ಒಟ್ಟುವ ಯಾವ ರೈತನಿಗೂ ಇದು ಗೊತ್ತಿರುವ ಮಾತು.

ಫೆಬ್ರುವರಿ ಕೊನೆಗೆ, ನಾನು ಹೊರಡುವ ಮುನ್ನ, ಮುಚ್ಚಳ ತೆಗೆದೆವು. ದಿಂಡಿನ ತಲೆ ಕೊಳೆತು ಹುಳಿಹೋದ ಅಂಬಲಿಯ ವಾಸನೆ. ಮಗಳು ಮುಖ ಸಣ್ಣ ಮಾಡಿಕೊಂಡು, "ಅವ್ವ, ಸತ್ತಿದೆಯಲ್ಲವೇ?" ಎಂದಳು. ನಾನು, "ಕಿತ್ತು ಹಾಕು, ಆ ಜಾಗಕ್ಕೆ ಗುಲಾಬಿ ಇಡು" ಎಂದೆ. ಮತ್ತೆ ಅದೇ ತಪ್ಪು ಬಾಯಿಂದ ಬಂತು. ಹಿರಿಯರು ಮಾತಾಡದೆ ಬೇಲಿ ದಾಟಿ ಬಂದರು, ಕುಕ್ಕರುಗಾಲಲ್ಲಿ ಕುಳಿತು ಬುಡವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಇಳಿಯಲಿಲ್ಲ. ಚಾಕು ತೆಗೆದು ಮೇಲಿನಿಂದ ಒಂದೊಂದೇ ಬಿಲ್ಲೆಯಾಗಿ ಕೊಯ್ಯತೊಡಗಿದರು. ಮೊದಲ ಬಿಲ್ಲೆಗಳು ಕಾಫಿ ಬಣ್ಣ, ಹಿಸುಕಿದರೆ ರಸ. ಆಮೇಲೆ ಹೊರಗಿನ ಪೊರೆಗಳು ಮಾತ್ರ ಕಂದು, ಒಳಗೆ ಹಳದಿ. ನೆಲದಿಂದ ಒಂದು ಗೇಣು ಉಳಿದಾಗ ಪೊರೆಯೊಳಗೆ ಪೊರೆ ಸುತ್ತಿಕೊಂಡ ಬಿಳಿ ಬಿಲ್ಲೆ ಬಂತು. ನಟ್ಟನಡುವೆ ಪೆನ್ಸಿಲ್ ಗಾತ್ರದ, ಇನ್ನೂ ಹಳದಿ ಹಸಿರು ಬೆರೆತ ಸುಳಿ. ಅದರ ತುದಿಯಲ್ಲಿ ನೀರಿನ ಹನಿ ಮೂಡಿ ನಿಂತಿತು. ನಾನು ತಿಪ್ಪೆಗೆ ಎಸೆದ ಗೆಡ್ಡೆಯದು ಇದೇ ಬಿಳುಪು. ಅಂಗಳದಲ್ಲಿ ನಿಂತೇ ಕಣ್ಣು ತುಂಬಿತು.

ಜೂನ್ ತನಕ ಮುಟ್ಟಬೇಡಿ ಎಂದರು ಅವರು. ಮೇ ಎರಡನೆಯ ವಾರದ ಒಂದು ರಾತ್ರಿ ಮಗಳ ವಿಡಿಯೋ ಕರೆ ಬಂತು. ಮೊಬೈಲನ್ನು ನೆಲಕ್ಕೆ ಹಿಡಿದಿದ್ದಳು. ಹುಲ್ಲಿನ ನಡುವೆ ಬೆರಳುದ್ದದ ಸುಳಿ, ಪಕ್ಕದಲ್ಲಿ ನೆಲದಿಂದಲೇ ಎದ್ದ ಎರಡು ಮರಿಗಿಡ, ಅಂದರೆ ಬಾಳೆಯ ಕಂದು.

ಆ ವರ್ಷದ ಮಳೆಗಾಲದಲ್ಲಿ ಮತ್ತೆ ಹೆಲಿಕೋನಿಯಾ ತಂದೆ. ಈ ಸಲ ಜಾಗ ಬೇರೆ: ಹಿತ್ತಲಿನ ಜಂಬಿಟ್ಟಿಗೆ ಗೋಡೆಯ ಬುಡ, ಉತ್ತರದ ಗಾಳಿಗೆ ಮರೆ. ಲೀಡ್ಸಿನ ಇಟ್ಟಿಗೆ ಗೋಡೆ ಮಾಡಿದ ಕೆಲಸವನ್ನು ಈ ಕಲ್ಲೂ ಮಾಡುತ್ತದೆ. ಒಂದು ವ್ಯತ್ಯಾಸವಿದೆ, ಬೀದರಿನವರು ಇದನ್ನು ಮರೆಯಬಾರದು: ಡಿಸೆಂಬರಿನಲ್ಲಿ ಕಾಪಾಡುವ ಗೋಡೆಯೇ ಏಪ್ರಿಲ್‌ನಲ್ಲಿ ಹಂಚಿನಂತೆ ಕಾಯುತ್ತದೆ. ಶಿವರಾತ್ರಿ ಕಳೆದ ಕೂಡಲೇ ಹಳೆಯ ಕಾಟನ್ ಸೀರೆ ಕಟ್ಟಿ ನೆರಳು ಮಾಡುತ್ತೇನೆ. ನಮ್ಮ ಕೆಂಪು ಜಂಬುಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಆದ್ದರಿಂದ ಗೆಡ್ಡೆ ಕೊಳೆಯುವ ಹೆದರಿಕೆ ಕಡಿಮೆ. ಒಣಗುವ ಹೆದರಿಕೆಯೇ ಹೆಚ್ಚು. ಅದಕ್ಕೆ ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಗರಿಯನ್ನು, ಒಂದು ಗೇಣು ದಪ್ಪ ಹೊದಿಸುತ್ತೇನೆ. ಕಬ್ಬು ಕಡಿಯುವ ಕಾಲವೂ ಚಳಿಯ ಕಾಲವೂ ಒಂದೇ ಆಗಿರುವುದು ನಮ್ಮ ಪುಣ್ಯ.

ಚಳಿಯಲ್ಲಿ ನೀರು ಕಡಿಮೆ ಮಾಡಬೇಕು. ಎಲೆ ಬಾಡಿದ್ದು ಕಂಡು ಕರುಳು ಚುರುಕ್ಕೆನ್ನುತ್ತದೆ, ಕೈ ತಾನಾಗಿ ನೀರಿನ ಕೊಡದ ಕಡೆಗೆ ಹೋಗುತ್ತದೆ, ತಡೆಯಬೇಕು. ಕಾಬಾಳೆ, ಕೆಸು, ಸುರುಳಿ ಸುಗಂಧಿ ಮೂರೂ ಹೀಗೆಯೇ: ಮೇಲೆ ಬೆಳವಣಿಗೆ ನಿಂತುಹೋದರೂ ಕೆಳಗೆ ಗೆಡ್ಡೆ ಸುಮ್ಮನೆ ಮಲಗಿರುತ್ತದೆ. ಆಂಥೂರಿಯಂ ಮತ್ತು ಕಲಾಥಿಯಾಗಳನ್ನು ನಾನು ಕೈಬಿಟ್ಟಿದ್ದೇನೆ. ಅವಕ್ಕೆ ನಮ್ಮ ಒಣಗಾಳಿ ಸಲ್ಲದು. ತಿನ್ನುವ ಬಾಳೆಯದು ಇನ್ನೊಂದು ತೊಂದರೆ, ಕಡು ಚಳಿಯಲ್ಲಿ ಗೊನೆ ಹೊರಡಲು ಬಂದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕಂದು ನೆಡುವ ತಿಂಗಳನ್ನು ಹಿಂದುಮುಂದು ಲೆಕ್ಕ ಹಾಕಿ ನೆಡಬೇಕು.

ಈ ಜನವರಿಯಲ್ಲಿ ಹೆಲಿಕೋನಿಯಾ ಮತ್ತೆ ಒಣಗಿತು, ಮೊದಲಿನಂತೆಯೇ ಗರಗರ. ಹಾಲಿನವನು ದಿನವೂ "ಅಕ್ಕಾ, ಈ ಕಸ ತೆಗೆಸಲೇ?" ಎಂದು ಕೇಳುತ್ತಿದ್ದ. ಬೇಡ, ಯುಗಾದಿ ಬರಲಿ ಎನ್ನುತ್ತಿದ್ದೆ. ಒಳಗೊಳಗೆ ಧೈರ್ಯವಿರಲಿಲ್ಲ, ಎರಡು ಸಲ ರವದಿ ಸರಿಸಿ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದೇನೆ. ಗಟ್ಟಿಯಿತ್ತು. ಯುಗಾದಿ ಬಂತು, ಹೋಯಿತು, ಏನೂ ಕಾಣಲಿಲ್ಲ. ಅದಾದ ಹನ್ನೊಂದನೆಯ ದಿನ ರವದಿಯನ್ನು ತಲೆಯಿಂದ ತಳ್ಳಿಕೊಂಡು ಒಂದು ಸುಳಿ ಹೊರಬಂತು. ಮಗಳಿಗೆ ಫೋಟೋ ಕಳಿಸಿದೆ. ಅವಳು ಅದನ್ನು ಪಕ್ಕದ ಮನೆಯ ಹಿರಿಯರಿಗೆ ತೋರಿಸಿದಳಂತೆ.

ಈಗ ಏಳು ಕಾಂಡಗಳಾಗಿವೆ. ಮೃಗಶಿರಾ ಮಳೆ ಚೆನ್ನಾಗಿ ಬಿದ್ದು ಮಣ್ಣು ಮೆತ್ತಗಾಗಿದೆ. ನಿನ್ನೆ ಗೆಡ್ಡೆಯ ಒಂದು ತುಂಡನ್ನು ಕೈಯಿಂದಲೇ ಬಿಡಿಸಿ, ಮೂರು ಚಳಿಗಾಲದ ಹಿಂದೆ ಗುದ್ದಲಿ ಹಾಕಿದ ಜಾಗದಲ್ಲಿ ಇಟ್ಟಿದ್ದೇನೆ.